ಹಳಬರು ಒಬ್ಬೊಬ್ಬರೇ ಯಾಕೆ ಸುಮ್ಮನಾಗುತ್ತಿದ್ದಾರೆ? – ತುಮಕೂರು ಕಡೆಯ ಚಾಕು, ಮಚ್ಚು ಮಾಡುವವರ ಚರ್ಚೆ

ಅಂತರಸನಹಳ್ಳಿ ಲೇತ್

ಮೊದಲು ಇಲ್ಲಿ ಲಾರಿ ಪಟ್ಟಿಯ (ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ) ಬಗ್ಗೆ ಏನಾದರೂ ಕೇಳಿದರೆ ಕುಲುಮೆ ಮುಂದೆ ತಲೆ ನರೆಸಿಕೊಂಡವರು ಉತ್ತರ ಕೊಡುತ್ತಿದ್ದರು. ಈಗಲೂ ಉತ್ತರ ಬರುತ್ತದೆ, ಮೊದಲಿಗಿಂತ ಬೇಗ ಬರುತ್ತದೆ. ಬರೆಯುವವರು ಮಾತ್ರ ಬೇರೆ.

ಹೋದ ವಾರದ ಉದಾಹರಣೆ ನೋಡಿ. ಇಎನ್45 ಎಂಬ ಸ್ಪ್ರಿಂಗ್ ಉಕ್ಕಿನ ಪಟ್ಟಿಯಿಂದ ಮಾಡಿದ ಮಚ್ಚಿನ ಬಾಯಿ ಮಡಚಿಕೊಳ್ಳುತ್ತಿದೆ ಅಂತ ಒಬ್ಬರು ಕೇಳಿದರು. ಕೆಳಗೆ ಬಂದ ಉತ್ತರಗಳೆಲ್ಲ ಒಂದೇ: ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಎಣ್ಣೆಗೆ ಅದ್ದಿ. ಅಯಸ್ಕಾಂತ ಬಿಡುವುದು 770 ಡಿಗ್ರಿಗೆ. ಸಿಲಿಕಾನ್ ಜಾಸ್ತಿ ಇರುವ ಇಎನ್45ಕ್ಕೆ 900ರ ಆಸುಪಾಸು ಬೇಕು. 770ಕ್ಕೇ ನಿಲ್ಲಿಸಿದರೆ ಬಾಯಿ ಮೆತ್ತಗೇ ಉಳಿಯುತ್ತದೆ. ಇಂಥದ್ದನ್ನು ಎರಡೇ ಸಾಲಲ್ಲಿ ಹೇಳಿ ಮುಗಿಸುತ್ತಿದ್ದ ಜನ ಎಲ್ಲಿಗೆ ಹೋದರು?

ಯಾರೂ ಜಗಳ ಆಡಿಕೊಂಡು ಹೋಗಲಿಲ್ಲ. ಸುಮ್ನೆ ಬರೆಯುವುದು ನಿಲ್ಲಿಸಿದರು. ಗುಬ್ಬಿಯವರು, ತುರುವೇಕೆರೆಯವರು, ಗಡಿಯಾರ ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಸಾರ್. ಇಲ್ಲೇ ಎಲ್ಲೋ ಓದುತ್ತಾ ಇರುತ್ತೀರಿ ಅಂತ ಗೊತ್ತು. ಏನಾಯಿತು ಹೇಳಿ.

ವಾರಾಂತ್ಯದ ಸುತ್ತಿಗೆ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಳಬರು ಹೋದರು ಅಂತ ಅಳುವ ಕಾಲ ಮುಗಿಯಿತು. ಇವತ್ತು ಯಾವ ಉಕ್ಕಿಗೆ ಎಷ್ಟು ಶಾಖ, ಎಷ್ಟು ಹೊತ್ತು ಅಂತ ಉಕ್ಕು ಮಾಡುವ ಕಂಪನಿಗಳೇ ಪಟ್ಟಿ ಹಾಕಿವೆ. ವಿಡಿಯೋಗಳಿವೆ. ಡಿಜಿಟಲ್ ಮೀಟರ್ ಇರುವ ಸಣ್ಣ ಕುಲುಮೆ ಮನೆಗೇ ಬರುತ್ತದೆ.

ಹಳಬರು ಉತ್ತರ ಕೊಡುತ್ತಿದ್ದ ರೀತಿಯೂ ನೆನಪಿರಲಿ. "ಮೊದಲು ಒಂದು ಮೊಳೆ ನೆಟ್ಟಗೆ ಬಡಿ, ಆಮೇಲೆ ಚಾಕು ಮಾತಾಡು." ಇದು ಉತ್ತರಾನಾ? ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ವಾಪಸ್ ಹೋಗುವವನು ನಾನು. ಮೊಳೆ ಬಡಿಯುತ್ತಾ ಕೂರಲು ಟೈಮ್ ಎಲ್ಲಿದೆ?

ತಿಪಟೂರು ತೋಟ

ನಾನು ಮಚ್ಚು ಮಾಡುವವನಲ್ಲ, ಹಿಡಿಯುವವನು. ಅದಕ್ಕೇ ಎರಡು ಮಾತು.

ನಮ್ಮ ತೋಟಕ್ಕೆ ಎಳನೀರು ಕೆತ್ತಲು ಒಂದು ಮಚ್ಚು ತರಿಸಿದೆವು. ಮಾಡಿದವರು ಹೊಸಬರು. ಮುಖ ನೋಡಿಕೊಳ್ಳುವಷ್ಟು ಹೊಳಪು, ಹಿಡಿಗೆ ರೋಸ್‌ವುಡ್, ಹಿತ್ತಾಳೆ ಪಿನ್ನು. "60 ರಾಕ್‌ವೆಲ್ ಇದೆ" ಅಂತ ಗಡಸುತನದ ಚೀಟಿ ಬೇರೆ. ಒಂದೇ ಗೊನೆಗೆ ಬಾಯಿ ಹಲ್ಲು ಹಲ್ಲಾಗಿ ಮುರಿಯಿತು. ಎಳನೀರು ಕೆತ್ತುವ ಮಚ್ಚಿಗೆ ಅಷ್ಟು ಗಡಸು ಯಾಕೆ ಬೇಕು? 52, 54 ಇದ್ದರೆ ಸಾಕು. ಬಾಯಿ ಮಡಚಿದರೆ ಅರ ಹಾಕಿ ಸರಿ ಮಾಡಿಕೊಳ್ಳುತ್ತೇವೆ. ಮುರಿದರೆ ಏನು ಮಾಡುವುದು?

ಇದನ್ನು ಮಾಡಿದವರಿಗೆ ಫೋನ್ ಮಾಡಿ ಹೇಳಿದೆ. "ನಿಮ್ಮ ಆಳು ಸರಿಯಾಗಿ ಬಳಸಿಲ್ಲ" ಅಂದರು. ನಮ್ಮ ಆಳು ಹುಟ್ಟಿದಾಗಿನಿಂದ ಮಚ್ಚು ಹಿಡಿದವನು ಸ್ವಾಮಿ.

ಗುಬ್ಬಿ ಕುಲುಮೆ

ಲೇತ್ ತಮ್ಮಾ, ಕರೆದಿದ್ದೀಯ, ಬಂದಿದ್ದೇನೆ. ಒಂದು ಸಲ ಬರೆದು ಮುಗಿಸುತ್ತೇನೆ.

ಕೋಪ ಇಲ್ಲ. ಹೊಸ ಹುಡುಗರಿಗೆ ಏನೂ ಬರುವುದಿಲ್ಲ ಅನ್ನುವ ದೂರೂ ಇಲ್ಲ. ಬರದೇ ಇರುವುದಕ್ಕೇ ತಾನೇ ಕೇಳುವುದು? ನನ್ನ ತೊಂದರೆ ಬೇರೆ.

ನಮ್ಮದು ಆಯದ ಕುಲುಮೆ. ತಾತನ ಕಾಲದಲ್ಲಿ ರೈತರು ವರ್ಷಕ್ಕೊಮ್ಮೆ ಕಣದಲ್ಲಿ ರಾಗಿ ಅಳೆದು ಕೊಡುತ್ತಿದ್ದರು. ಅದಕ್ಕೆ ಊರಿನ ಕುಳ, ಕುಡುಗೋಲು, ಮಚ್ಚು ಎಲ್ಲ ನಮ್ಮ ಜವಾಬ್ದಾರಿ. ರಾಗಿ ಕುಯ್ಲಿಗೆ ಮುಂಚೆ ಕುಡುಗೋಲಿಗೆ ಕಕ್ಕು, ಅಂದರೆ ಸಣ್ಣ ಹಲ್ಲು, ಹಾಕಿಸಲು ಜನ ಸಾಲಾಗಿ ಕೂರುತ್ತಿದ್ದರು. ಕಾಯಿಸಿ ಅದ್ದುವ ಹದ ತಪ್ಪಿದರೆ ಅದೇ ಕುಡುಗೋಲು ವಾರದೊಳಗೆ ವಾಪಸ್, ಬೈಗುಳದ ಸಮೇತ. ನಮ್ಮಪ್ಪ ಆ ಕುಡುಗೋಲನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡುತ್ತಿದ್ದರು. ಬಾಯಿ ಮಡಚಿದೆಯೋ, ಚಕ್ಕೆ ಎದ್ದಿದೆಯೋ, ಹಿಡಿಯ ಹತ್ತಿರವೋ, ತುದಿಯಲ್ಲೋ. ಅವರು ಕಲಿತದ್ದು ಅಲ್ಲಿ. ನಾನು ಕಲಿತದ್ದೂ ಅಲ್ಲೇ.

ಇಲ್ಲಿ ಏನಾಗುತ್ತದೆ? ಒಬ್ಬ ಬಂದು ಕೇಳುತ್ತಾನೆ. ನಾನು ಕೆಲಸ ಬಿಟ್ಟು, ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆಯುತ್ತೇನೆ. ಅವನು ಒಂದು ಕೈಮುಗಿಯುವ ಚಿತ್ರ ಹಾಕಿ ಹೋಗುತ್ತಾನೆ. ಆಮೇಲೆ ಮಾಯ. ಗಟ್ಟಿ ಆಯಿತಾ? ಬಿರುಕು ಬಿಟ್ಟಿತಾ? ಸೊಟ್ಟ ಆಯಿತಾ? ನಾನು ಹೇಳಿದ್ದು ಸರಿಯಾ ತಪ್ಪಾ? ಗೊತ್ತಾಗುವುದೇ ಇಲ್ಲ. ಮುಂದಿನ ತಿಂಗಳು ಇನ್ನೊಬ್ಬ ಬಂದು ಅದನ್ನೇ ಕೇಳುತ್ತಾನೆ. ವಂದನೆ ಬೇಡ ನನಗೆ. ಏನಾಯಿತು ಅಂತ ಬೇಕು.

ಇನ್ನೊಂದು. ಒಬ್ಬ ಹುಡುಗ ಜಿಐ ಪೈಪಿನಿಂದ ಗ್ಯಾಸ್ ಒಲೆ ಮಾಡಿ ಫೋಟೋ ಹಾಕಿದ್ದ. ಅದರ ಮೇಲಿನ ಸತು ಸುಟ್ಟು ಬರುವ ಹೊಗೆ ಎದೆಗೆ ಹೋದರೆ ರಾತ್ರಿ ನಡುಕ, ಜ್ವರ. ಜಾಸ್ತಿ ಆದರೆ ಪ್ರಾಣಕ್ಕೇ ಬರುತ್ತದೆ. ಬಳಸಬೇಡಪ್ಪಾ ಅಂತ ಬರೆದೆ. ಕೆಳಗೆ ಸಾಲಾಗಿ ನಗುವ ಮುಖಗಳು. "ತಾತ ಹೆದರಿಸ್ತಿದ್ದಾರೆ" ಅಂತ ಒಬ್ಬ. ಅವತ್ತೇ ಫೋನ್ ಪಕ್ಕಕ್ಕಿಟ್ಟೆ.

ವಾರಾಂತ್ಯದ ಸುತ್ತಿಗೆ

ಜಿಐ ಪೈಪ್ ವಿಷಯ ಒಪ್ಪಿಕೊಂಡೆ. ನಗಬಾರದಿತ್ತು. (ನಕ್ಕಿದ್ದು ನಾನಲ್ಲ, ದಯವಿಟ್ಟು ಹಳೆಯ ಪುಟ ತೆಗೆದು ನೋಡಬಹುದು.)

ಆದರೆ ಯಜಮಾನರೇ, ಫಲಿತಾಂಶ ಯಾಕೆ ಯಾರೂ ಬರೆಯಲ್ಲ ಅಂತ ಯೋಚಿಸಿದ್ದೀರಾ? ಕೆಟ್ಟದ್ದನ್ನು ತೋರಿಸಿದರೆ ಇಲ್ಲಿ ಮರ್ಯಾದೆ ಉಳಿಯಲ್ಲ. ಚೆನ್ನಾಗಿ ಬಂದ ಚಾಕುವಿನ ಫೋಟೋಗೆ ಇನ್ನೂರು ಲೈಕು. ಬಿರುಕು ಬಿಟ್ಟದ್ದಕ್ಕೆ ಉಪದೇಶ. ಯಾರು ಹಾಕುತ್ತಾರೆ ಹೇಳಿ.

ತಿಪಟೂರು ತೋಟ

ಈ ಮಾತು ಮಾತ್ರ ಸರಿ.

ಶಿರಾ ಈಳಿಗೆ

ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುವವಳು. ಇವತ್ತು ಬರೆಯಲೇಬೇಕು ಅನ್ನಿಸಿತು.

ಗುಬ್ಬಿ ಯಜಮಾನರು ಹೇಳಿದ್ದು ನಿಜವೇ ಇರಬಹುದು. ಆದರೆ ಕುಲುಮೆ ಮುಂದೆ ಕೂತು ಕಲಿಯುವ ಭಾಗ್ಯ ಯಾರಿಗಿತ್ತು? ಆ ಮನೆಯಲ್ಲಿ ಹುಟ್ಟಿದವರಿಗೆ. ಅದರಲ್ಲೂ ಗಂಡುಮಕ್ಕಳಿಗೆ. ತಿದಿ ಒತ್ತುವ ಕೆಲಸ ಆ ಮನೆಯ ಹೆಣ್ಣುಮಕ್ಕಳು ಜೀವಮಾನವಿಡೀ ಮಾಡಿದ್ದಾರೆ, ಸಮ್ಮಟಿಗೆ ಕೂಡ ಬೀಸಿದ್ದಾರೆ. ಹದ ಹಾಕುವ ಇಕ್ಕುಳ ಮಾತ್ರ ಅವರ ಕೈಗೆ ಬರಲಿಲ್ಲ. ನಾನಂತೂ ಆ ಕುಲದವಳೂ ಅಲ್ಲ. ಚಿಕ್ಕವಳಿದ್ದಾಗ ನಮ್ಮೂರ ಕುಲುಮೆ ಬಾಗಿಲಲ್ಲಿ ನಿಂತರೆ "ಹೋಗಮ್ಮ, ಕಿಡಿ ಹಾರುತ್ತೆ" ಅಂತ ಕಳಿಸುತ್ತಿದ್ದರು.

ಈಗ ಅಡುಗೆಮನೆ ಚಾಕು, ಈಳಿಗೆ ಮಣೆ ಮಾಡಿ ಮಾರುತ್ತೇನೆ. ಕಲಿತದ್ದೆಲ್ಲ ಇಲ್ಲಿ, ನೀವೆಲ್ಲ ಬರೆದದ್ದನ್ನು ಓದಿ. ನೀವು ಸುಮ್ಮನಾದರೆ ನಿಮ್ಮ ಮಗನಿಗೆ ನಷ್ಟ ಇಲ್ಲ, ಅವನು ಮನೆಯಲ್ಲೇ ನೋಡುತ್ತಾನೆ. ನಷ್ಟ ನನ್ನಂಥವರಿಗೆ. ಜಾಸ್ತಿ ಮಾತಾಡಿದ್ದರೆ ಕ್ಷಮಿಸಿ.

ಅಂತರಸನಹಳ್ಳಿ ಲೇತ್

ಕ್ಷಮೆ ಯಾಕೆ ಅಕ್ಕಾ. ಇಡೀ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದ ತೂಕದ ಮಾತು ಇದೇ.

ಮಧುಗಿರಿ ಮೇಷ್ಟ್ರು

ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮ ಜಿಲ್ಲೆಗೆ ಇದು ಹೊಸದಲ್ಲ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಕಂಪನಿಯ ವೈದ್ಯ ಮೈಸೂರು ಸೀಮೆ ಸುತ್ತುತ್ತಾ ಚನ್ನರಾಯನದುರ್ಗದ ಕಡೆ ಬಂದಿದ್ದ. ಈಗಿನ ಕೊರಟಗೆರೆ ತಾಲ್ಲೂಕು. ಮಳೆಗಾಲದಲ್ಲಿ ಹಳ್ಳಗಳಲ್ಲಿ ಹರಿದು ಬರುವ ಕಪ್ಪು ಮರಳು ತೊಳೆದು ಕಬ್ಬಿಣ ಮಾಡುತ್ತಿದ್ದರು. ಆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಸೇರಿಸಿ, ಮಣ್ಣಿನ ಮೂಸೆಯಲ್ಲಿ ಬಾಯಿ ಮುಚ್ಚಿ ಕಾಯಿಸಿ ಉಕ್ಕು ತೆಗೆಯುತ್ತಿದ್ದರು. ತಂಗಡಿಯ ಇಂಗಾಲ ಕಬ್ಬಿಣಕ್ಕೆ ಹತ್ತಿ ಅದು ಉಕ್ಕಾಗುತ್ತಿತ್ತು. ಎಲ್ಲವನ್ನೂ ಅವನು ಬರೆದುಕೊಂಡ. ಅದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಬರಹ ಉಳಿಯಿತು, ಕೆಲಸ ಉಳಿಯಲಿಲ್ಲ. ದಕ್ಷಿಣ ಭಾರತದ ಈ ಮೂಸೆ ಉಕ್ಕಿನಿಂದ ಬಡಿದ ಕತ್ತಿಗಳ ಮೇಲೆ ನೀರಿನ ಅಲೆಯಂಥ ಗೆರೆ ಹೇಗೆ ಬರುತ್ತಿತ್ತು ಎಂಬುದಕ್ಕೆ ಯುರೋಪಿನ ವಿಜ್ಞಾನಿಗಳು ಒಂದು ಶತಮಾನಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡರು. ಕೊನೆಗೆ ಅಮೆರಿಕದಲ್ಲಿ ಜಾನ್ ವರ್ಹೋವೆನ್ ಎಂಬ ಪ್ರೊಫೆಸರ್, ಆಲ್ಫ್ರೆಡ್ ಪೆಂಡ್ರೆ ಎಂಬ ಕುದುರೆ ಲಾಳ ಕಟ್ಟುವ ಕಮ್ಮಾರ ಜೊತೆಗೂಡಿದರು. ಅದಿರಿನಲ್ಲಿ ಕಣ್ಣಿಗೆ ಬೀಳದಷ್ಟು ಇರುವ ವನೇಡಿಯಂನಂಥ ಧಾತುಗಳೇ ಕಾರಣ ಎಂದು 1998ರಲ್ಲಿ ತೋರಿಸಿದರು. ಕಮ್ಮಾರ ಬಡಿದು ಕೊಡುವುದು, ಪ್ರೊಫೆಸರ್ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು, ಮತ್ತೆ ಬಡಿಯುವುದು. ವರ್ಷಗಟ್ಟಲೆ ಹೀಗೇ. ಗುಬ್ಬಿಯವರು ಕೇಳುತ್ತಿರುವ "ಏನಾಯಿತು" ಇದೇ ಅಲ್ವಾ?

ವಾರಾಂತ್ಯದ ಸುತ್ತಿಗೆ

ಮೇಷ್ಟ್ರೇ, ಸೂಪರ್. ಇದನ್ನು ಬೇರೆ ಚರ್ಚೆಯಾಗಿಯೇ ಹಾಕಿ.

ಅಮೆರಿಕದ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಅಲ್ಲಿ 1976ರಲ್ಲಿ ಬಿಲ್ ಮೊರಾನ್ ಮತ್ತು ಗೆಳೆಯರು ಅಲಗು ಬಡಿಯುವ ಕಮ್ಮಾರರ ಸಂಘ ಕಟ್ಟಿದರು. ಸದಸ್ಯರಿಗೆ ಪರೀಕ್ಷೆ ಇದೆ. ನೇತು ಹಾಕಿದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಮರದ ತುಂಡು ಕಡಿಯಬೇಕು. ಅಷ್ಟಾದ ಮೇಲೂ ಅದೇ ಬಾಯಿ ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ಅಲಗನ್ನು ವೈಸ್‌ಗೆ ಹಾಕಿ 90 ಡಿಗ್ರಿ ಬಗ್ಗಿಸುತ್ತಾರೆ, ಮುರಿಯಬಾರದು. ಚಾಕು ಹಾಳಾಗುತ್ತದೆ, ಆದರೆ ಯಾರೂ ಯಾರ ಮಾತನ್ನೂ ನಂಬಬೇಕಾಗಿಲ್ಲ. ನಮ್ಮಲ್ಲಿ ಅಂಥದ್ದು ಇಲ್ಲ. ಅದಕ್ಕೇ ಲೈಕು ಎಣಿಸುತ್ತೇವೆ.

2015ರಲ್ಲಿ ಅಲ್ಲಿನ ಟಿವಿಯಲ್ಲಿ ಕತ್ತಿ ಬಡಿಯುವ ಸ್ಪರ್ಧೆ ಶುರುವಾಯಿತು. ಅದನ್ನು ನೋಡಿಯೇ ಸುತ್ತಿಗೆ ಹಿಡಿದವನು ನಾನು. ಇಲ್ಲಿ ಅರ್ಧ ಜನ ಹಾಗೇ ಬಂದವರು.

ರಾಬರ್ಟ್‌ಸನ್‌ಪೇಟೆ

ಕೆಜಿಎಫ್‌ನಿಂದ. ನಮ್ಮ ಕಡೆಯವರು ಸುಮ್ಮನಾದ ಕಾರಣ ಬೇರೆ, ಯಾರೂ ಬಾಯಿಬಿಟ್ಟು ಹೇಳಲ್ಲ. ಪೊಲೀಸ್.

ಲಾಂಗು, ಮಚ್ಚು ಹಿಡಿದು ರೀಲ್ಸ್ ಮಾಡಿದವರ ಮೇಲೆ ಬೆಂಗಳೂರಲ್ಲಿ ಕೇಸ್ ಹಾಕಿದ್ದನ್ನು ಎಲ್ಲರೂ ನೋಡಿದ್ದೀರಿ. ಆಯುಧ ಕಾಯ್ದೆ 1959ರದ್ದು. ಅದರ ಕೆಳಗಿನ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಅಂತ ಲೆಕ್ಕ ಇದೆ. ಮನೆಗೆಲಸ, ಬೇಸಾಯ, ಕೈಗಾರಿಕೆಗೆ ಮಾಡಿದ್ದನ್ನು ಅದರಿಂದ ಹೊರಗಿಟ್ಟಿದ್ದಾರೆ. ಆದರೆ ತೋಟದ ಮಚ್ಚಿಗೂ ರೌಡಿ ಮಚ್ಚಿಗೂ ಫೋಟೋದಲ್ಲಿ ಏನು ವ್ಯತ್ಯಾಸ? ವಯಸ್ಸಾದ ಕಮ್ಮಾರನಿಗೆ ಸ್ಟೇಷನ್ನಿಗೆ ಹೋಗಿ ವಿವರಿಸುವ ಶಕ್ತಿ ಇರಲ್ಲ. ಅದಕ್ಕಿಂತ ಫೋಟೋ ಹಾಕದಿರುವುದೇ ವಾಸಿ ಅಂದುಕೊಳ್ಳುತ್ತಾನೆ. ಇಲ್ಲಿ ಕೆಲವರು "ಮಾಸ್" ಅಂತ ಹಾಕುವ ಚಿತ್ರಗಳಿಂದ ಏಟು ಬೀಳುವುದು ಅವರಿಗೇ.

ಇಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ. ಬಂಡೆ ಕೊರೆಯುವ ಉಳಿಗಳನ್ನು ಕಾಯಿಸಿ ಹದ ಹಾಕುತ್ತಿದ್ದವರು ಆಗ ಮನೆಗೆ ಹೋದರು. ಅವರನ್ನು ಕರೆದು ಕೇಳಿದವರು ಯಾರೂ ಇಲ್ಲ. ನಮ್ಮ ಬೀದಿಯಲ್ಲೇ ಒಬ್ಬರಿದ್ದರು, ತೀರಿಕೊಂಡರು.

ನಿವೃತ್ತ ಹೀಟ್ ಟ್ರೀಟ್

ಲೇತ್ ಕರೆದ "ಸಾರ್" ನಾನೇ. ತುಮಕೂರು ಎಚ್‌ಎಂಟಿಯಲ್ಲಿ ಸರ್ವಿಸ್ ಮುಗಿಸಿದವನು. ಈಗ ಆ ಜಾಗ ಇಸ್ರೋದ್ದು, ನಮ್ಮ ಕಾಲದ ಮರಗಳು ಮಾತ್ರ ಇರಬಹುದು.

ಗುಬ್ಬಿಯವರಿಗೆ ಕುಡುಗೋಲು ವಾಪಸ್ ಬರುತ್ತಿತ್ತು. ನಮಗೆ ಪ್ರತಿ ಬ್ಯಾಚಿಗೂ ಒಂದು ಚೀಟಿ. ಯಾವ ಉಕ್ಕು, ಎಷ್ಟು ಶಾಖ, ಎಷ್ಟು ನಿಮಿಷ, ಕೊನೆಗೆ ಗಡಸುತನ ಎಷ್ಟು ಬಂತು. ಕೊನೆಯ ಖಾನೆ ಖಾಲಿ ಬಿಟ್ಟರೆ ಮೇಲಿನದೆಲ್ಲ ಕಸ. ಇಲ್ಲಿ ಜನ ಮೊದಲ ಖಾನೆಯನ್ನೂ ತುಂಬುವುದಿಲ್ಲ. "ಲಾರಿ ಪಟ್ಟಿ" ಅನ್ನುತ್ತಾರೆ. ಲಾರಿ ಪಟ್ಟಿ ಅಂದರೆ ಇಎನ್45 ಇರಬಹುದು, ಎಸ್‌ಯುಪಿ9 ಇರಬಹುದು, ಕ್ರೋಮ್-ವನೇಡಿಯಂ ಇರಬಹುದು. ಮಂಡಿಪೇಟೆ ಗುಜರಿಯಲ್ಲಿ ಎಲ್ಲ ಒಂದೇ ರಾಶಿ. ಏನು ಅಂತ ತಿಳಿಯದೆ ಡಿಗ್ರಿ ಹೇಳು ಅಂದರೆ ನಾನೇನು ಹೇಳಲಿ? ಊಹಿಸಿ ಹೇಳಿದರೆ ನಾಳೆ ಅದು "ಸಾರ್ ಹೇಳಿದ್ದು" ಆಗುತ್ತದೆ. ನಾನು ಬರೆಯುವುದು ಬಿಟ್ಟದ್ದು ಇದಕ್ಕೆ.

ವಾರಾಂತ್ಯದವರೇ, ಕಂಪನಿ ಪಟ್ಟಿ ಒಳ್ಳೆಯದು, ಓದಿ. ಆದರೆ ಸ್ಪ್ರಿಂಗ್ ಉಕ್ಕಿಗೆ ಕಂಪನಿ ಬರೆದ ಪಟ್ಟಿಯಲ್ಲಿ ಇರುವ ಹದ ಸ್ಪ್ರಿಂಗ್‌ಗೆ. ಗಡಸನ್ನು ಅಷ್ಟು ಇಳಿಸಿದರೆ ಚಾಕುವಿಗೆ ಬಾಯಿ ನಿಲ್ಲಲ್ಲ. ಪಟ್ಟಿ ಯಾವ ಕೆಲಸಕ್ಕೆ ಬರೆದದ್ದು ಅಂತ ನೋಡಬೇಕು.

ಶಿರಾದ ತಾಯಿ, ನಿಮ್ಮ ಮಾತು ಓದಿದೆ. ಈಗ ಯಾವ ಉಕ್ಕಲ್ಲಿ ಮಾಡುತ್ತಿದ್ದೀರಿ? ತೊಂದರೆ ಏನಾದರೂ ಇದೆಯಾ?

ಶಿರಾ ಈಳಿಗೆ

ಸಾರ್, ಇಎನ್31, ಬೇರಿಂಗ್ ಉಕ್ಕು. ಪಟ್ಟಿಯಾಗಿಯೇ ಕೊಂಡದ್ದು, ಗುಜರಿ ಅಲ್ಲ. ಚೀಟಿ ಇದೆ. ಅಲಗು 2.5 ಮಿ.ಮೀ. ಇದ್ದಿಲ ಒಲೆ. ಅಯಸ್ಕಾಂತ ಬಿಟ್ಟ ಮೇಲೆ ಇನ್ನೂ ಸ್ವಲ್ಪ ಕೆಂಪೇರಿಸಿ, ಬೆಚ್ಚಗಿನ ಎಣ್ಣೆಗೆ. ಅರ ಹಾಕಿದರೆ ಜಾರುತ್ತದೆ, ಅಂದರೆ ಗಟ್ಟಿಯಾಗಿದೆ. ಬಿರುಸು ಇಳಿಸಲು ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ, ಎರಡು ಸಲ. ಆದರೂ ಕುಂಬಳಕಾಯಿ ಹೆಚ್ಚಿದರೆ ಬಾಯಲ್ಲಿ ಚಿಕ್ಕ ಚಿಕ್ಕ ಚಕ್ಕೆ ಏಳುತ್ತದೆ.

ನಿವೃತ್ತ ಹೀಟ್ ಟ್ರೀಟ್

ಪ್ರಶ್ನೆ ಕೇಳುವುದು ಅಂದರೆ ಹೀಗೆ!

ಅದೇ ಪಟ್ಟಿಯ ಒಂದು ತುಂಡನ್ನು ಅದೇ ಥರ ಕಾಯಿಸಿ ಅದ್ದಿ. ಓವನ್‌ಗೆ ಹಾಕಬೇಡಿ. ಗಾಜಿನಷ್ಟು ಬಿರುಸು ಇರುತ್ತದೆ. ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು, ವೈಸ್‌ನಲ್ಲಿ ಹಿಡಿದು ಮುರಿಯಿರಿ. ಮುರಿದ ಜಾಗ ನೋಡಿ. ನುಣ್ಣಗೆ ಬೂದು ಬಣ್ಣ ಇದ್ದರೆ ಶಾಖ ಸರಿ. ಸಕ್ಕರೆ ಹರಳಿನಂತೆ ಮಿನುಗಿದರೆ ಜಾಸ್ತಿ ಕಾಯಿಸಿದ್ದೀರಿ, ಉಕ್ಕಿನ ಒಳಗಿನ ಹರಳು, ಅಂದರೆ ಕಾಳು, ದಪ್ಪ ಆಗಿದೆ. ಇದ್ದಿಲ ಒಲೆಯಲ್ಲಿ, ಅದೂ ಹಗಲು ಬೆಳಕಲ್ಲಿ, ಕಣ್ಣು ಮೋಸ ಮಾಡುತ್ತದೆ. ಸಂಜೆ ಮಬ್ಬಿನಲ್ಲಿ ಕಾಯಿಸಿ. ನೋಡಿ ಬರೆಯಿರಿ.

ಗುಬ್ಬಿ ಕುಲುಮೆ

ಸಾರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ ತಾಯಿ. ಇದ್ದಿಲಲ್ಲಿ ತೆಳು ಅಲಗಿನ ತುದಿ ಬೇಗ ಕಾಯುತ್ತದೆ. ಬೆನ್ನು ಕಾಯುವ ಹೊತ್ತಿಗೆ ತುದಿ ಮಿತಿಮೀರಿ ಹೋಗಿರುತ್ತದೆ. ಒಲೆಯೊಳಗೆ ಒಂದು ಕಬ್ಬಿಣದ ಕೊಳವೆ ಇಟ್ಟು ಅದರೊಳಗೆ ಅಲಗು ಇಟ್ಟು ಕಾಯಿಸಿ. ಗಾಳಿ ನೇರ ಬಡಿಯಬಾರದು. ಜಿಐ ಕೊಳವೆ ಅಲ್ಲ, ಹೇಳಬೇಕಾ?

ನೀವು ಬರೆದ ಇನ್ನೊಂದು ಮಾತಿಗೂ ಉತ್ತರ ಕೊಡಬೇಕು. ನಮ್ಮಮ್ಮ ಸಾಯುವವರೆಗೆ ತಿದಿ ಒತ್ತಿದಳು. ಬಣ್ಣ ನೋಡುವುದು ಅವಳಿಗೆ ಅಪ್ಪನಷ್ಟೇ ಗೊತ್ತಿತ್ತು. "ಸಾಕು, ತೆಗಿ" ಅಂತ ಕೂಗುತ್ತಿದ್ದವಳು ಅವಳೇ. ಇಕ್ಕುಳ ಮಾತ್ರ ಅಪ್ಪನ ಕೈಯಲ್ಲಿ. ಹಾಗಾಗಿ ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ.

ಇಲ್ಲಿ ದಿನಾ ಬಂದು ಬರೆಯುವುದು ಇನ್ನು ನನ್ನಿಂದ ಆಗಲ್ಲ, ಕಣ್ಣೂ ಸರಿಯಿಲ್ಲ. ಆದರೆ ಮಾಡಿದ್ದನ್ನು ಹಿಡಿದುಕೊಂಡು ಕುಲುಮೆಗೆ ಬಂದವರನ್ನು ವಾಪಸ್ ಕಳಿಸಲ್ಲ. ಯಾವ ಕುಲ ಅಂತ ಕೇಳಲ್ಲ. ಬರಿಗೈಲಿ ಬಂದು ವಿಡಿಯೋ ಮಾಡುವವರು ಬೇಡ.

ವಾರಾಂತ್ಯದ ಸುತ್ತಿಗೆ

ಮುರಿದದ್ದನ್ನು ತಂದರೆ?

ಗುಬ್ಬಿ ಕುಲುಮೆ

ಮುರಿದದ್ದೇ ತನ್ನಿ. ಹೊಳಪಿನದನ್ನು ನೋಡಿ ನಾನೇನು ಮಾಡಲಿ. ಮೊಳೆ ಬಡಿಯುವುದೂ ಇರುತ್ತದೆ, ಹೇಳಿದ್ದೇನೆ.

ನಿರ್ವಾಹಕ

ಇಷ್ಟು ಓದಿದ ಮೇಲೆ ಒಂದು ನಿಯಮ ಹಾಕುತ್ತಿದ್ದೇವೆ. ಹದದ ಬಗ್ಗೆ ಕೇಳುವವರು ಯಾವ ಉಕ್ಕು, ಎಲ್ಲಿಂದ ಬಂತು, ದಪ್ಪ ಎಷ್ಟು, ಏನು ಮಾಡಿದಿರಿ ಎಂಬುದನ್ನು ಬರೆಯಬೇಕು. ಉತ್ತರ ಸಿಕ್ಕ ಮೇಲೆ ಏನಾಯಿತು ಅಂತ ಅದೇ ಚರ್ಚೆಯಲ್ಲಿ ತಿಳಿಸಬೇಕು. ತಿಳಿಸದವರ ಮುಂದಿನ ಪ್ರಶ್ನೆ ತಡೆಹಿಡಿಯುತ್ತೇವೆ. ಮಾಸ್ ಫೋಟೋಗಳನ್ನು ತೆಗೆದುಹಾಕುತ್ತೇವೆ.

ತಿಪಟೂರು ತೋಟ

ನಿಯಮ ಹಾಕಿ, ಬೇಡ ಅನ್ನಲ್ಲ. ಆದರೆ ಬಿರುಕು ಬಿಟ್ಟದ್ದನ್ನು ಹಾಕಿದವರಿಗೆ ನಗುವ ಮುಖ ಒತ್ತುವವರನ್ನು ಏನು ಮಾಡುತ್ತೀರಿ? ಅದಕ್ಕೂ ಏನಾದರೂ ಯೋಚಿಸಿ. ಇಲ್ಲದಿದ್ದರೆ ಎಲ್ಲರೂ "ಚೆನ್ನಾಗಿ ಬಂತು" ಅಂತ ಸುಳ್ಳು ಬರೆಯುತ್ತಾರೆ ಅಷ್ಟೇ.

ನಿರ್ವಾಹಕ

ಸರಿಯಾದ ಪ್ರಶ್ನೆ. ಆ ಚರ್ಚೆಗಳಲ್ಲಿ ಚಿಹ್ನೆ ಒತ್ತುವುದನ್ನೇ ನಿಲ್ಲಿಸಲು ಆಗುತ್ತದಾ ನೋಡುತ್ತೇವೆ.

ಶಿರಾ ಈಳಿಗೆ

ಸಾರ್, ತುಂಡು ಮುರಿದೆ. ಹರಳು ಹರಳಾಗಿತ್ತು. ಯಜಮಾನರು ಹೇಳಿದ ಹಾಗೆ ಕೊಳವೆ ಇಟ್ಟೆ. ಅದೇ ಪಟ್ಟಿಯ ಇನ್ನೊಂದು ತುಂಡನ್ನು ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟೆ, ಪ್ರತಿ ಸಲ ಶಾಖ ಸ್ವಲ್ಪ ಇಳಿಸುತ್ತಾ. ಇದನ್ನು ನೀವೇ ಹಿಂದೆ ಯಾರಿಗೋ ಬರೆದಿದ್ದಿರಿ. ಆಮೇಲೆ ಸಂಜೆ ಹೊತ್ತು ಕಾಯಿಸಿ ಅದ್ದಿ ಮುರಿದೆ. ಈ ಸಲ ಬೂದು, ನುಣ್ಣಗೆ. ಹಾಗೇ ಒಂದು ಪೂರ್ತಿ ಚಾಕು ಮಾಡಿದೆ. ಕುಂಬಳಕಾಯಿಗೆ ಚಕ್ಕೆ ಏಳಲಿಲ್ಲ. ಆದರೆ ಅಲಗು ತುದಿಯ ಕಡೆ ಎಡಕ್ಕೆ ಸೊಟ್ಟ ಆಗಿದೆ. ಎರಡೂ ಫೋಟೋ ಹಾಕಿದ್ದೇನೆ.

ನಿವೃತ್ತ ಹೀಟ್ ಟ್ರೀಟ್

ಫೋಟೋ ನೋಡಿದೆ, ಕಾಳು ಚೆನ್ನಾಗಿದೆ. ಸೊಟ್ಟಕ್ಕೆ ಸುತ್ತಿಗೆ ಹಾಕಬೇಡಿ, ಮುರಿಯುತ್ತದೆ. ದಪ್ಪ ಕಬ್ಬಿಣದ ಪಟ್ಟಿಗೆ ಅಲಗು ಇಟ್ಟು, ನಡುವೆ ಒಂದು ನಾಣ್ಯ ಕೊಟ್ಟು, ಸೊಟ್ಟಕ್ಕೆ ಎದುರು ದಿಕ್ಕಿಗೆ ಸ್ವಲ್ಪ ಬಾಗುವಂತೆ ಕ್ಲಾಂಪ್ ಬಿಗಿಯಿರಿ. ಹಾಗೇ ಓವನ್‌ಗೆ ಇಡಿ, ಅದೇ 200 ಡಿಗ್ರಿ. ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೆ ಇನ್ನೊಮ್ಮೆ.

ಎಣ್ಣೆಗೆ ಇಳಿಸುವಾಗ ತುದಿ ಮೊದಲು ನೆಟ್ಟಗೆ ಇಳಿಸಿದಿರಾ, ಅಡ್ಡಡ್ಡ ಅದ್ದಿದಿರಾ? ಅದನ್ನು ಬರೆದಿಲ್ಲ ನೀವು.